ಪಿ.ಟಿ. ಮೇಡಂ ಪಿಸ್ತೂಲಿಗೊಂದು ಕನ್ನಡಕ

ಕನ್ನಡಕದ ಅಂಗಡಿ ಅಂದರೆ ಗಲಾಟೆಯಿಲ್ಲದ ವ್ಯಾಪಾರ ಎಂದು ನಂಬಿ ಈ ಕಸುಬಿಗೆ ಬಂದವನು ನಾನು. ಪೇಪರ್ ಓದಲಾಗದವರು, ಸೂಜಿಗೆ ದಾರ ಪೋಣಿಸಲಾಗದವರು ಬರುತ್ತಾರೆ. ಲೆನ್ಸ್ ಹಾಕಿ ಕಳಿಸಿದರಾಯಿತು. ಆದರೆ ನನ್ನ ಹಣೆಬರಹವೋ ಏನೋ, ಎದೆ ಧಸಕ್ಕೆನ್ನಿಸುವ ಗಿರಾಕಿಗಳೂ ನನ್ನನ್ನೇ ಹುಡುಕಿಕೊಂಡು ಬರುತ್ತಾರೆ. ಅವರಲ್ಲೆಲ್ಲ ಮೊದಲನೆಯವರು, ಹೈಸ್ಕೂಲಿನಲ್ಲಿ ನನ್ನನ್ನು ಗ್ರೌಂಡಿನ ಸುತ್ತ ಓಡಿಸುತ್ತಿದ್ದ ಪಿ.ಟಿ. ಮೇಡಂ.

ಶಿರಾ ಗೇಟ್

ರಿಟೈರಾಗಿ ಕ್ಯಾತ್ಸಂದ್ರದಲ್ಲಿರುವ ಮೇಡಂ ಒಂದು ಬೆಳಿಗ್ಗೆ ಶಿರಾ ಗೇಟಿನ ನನ್ನ ಅಂಗಡಿಗೆ ಬಂದರು. ಬಂದವರೇ ನನ್ನ ಹೊಟ್ಟೆಗೆ ಬೆರಳಿನಿಂದ ತಿವಿದು, "ಏನೋ ಇದು, ಹಿಂಗ್ ಬಿಟ್ಟಿದೀಯ?" ಅಂದರು. ನಾನು ಉಸಿರು ಒಳಗೆಳೆದುಕೊಂಡು ನೆಟ್ಟಗೆ ನಿಂತೆ.

"ಯಾವ ದೂರದ್ದು ಕಾಣ್ತಿಲ್ಲ ಮೇಡಂ?"

"ಇಷ್ಟು ದೂರದ್ದು" ಎಂದವರು ವ್ಯಾನಿಟಿ ಬ್ಯಾಗಿನಿಂದ ಪಿಸ್ತೂಲು ತೆಗೆದು, ತೋಳು ಚಾಚಿ, ಗೋಡೆಯ ಅಕ್ಷರದ ಬೋರ್ಡಿಗೆ ಗುರಿಯಿಟ್ಟರು. ಫ್ರೇಮು ಆರಿಸುತ್ತಿದ್ದ ಗಿರಾಕಿ ಇದ್ದಕ್ಕಿದ್ದಂತೆ ಕಾಣೆಯಾದರು.

ಅದು ಸ್ಪರ್ಧೆಯ ಏರ್ ಪಿಸ್ತೂಲು, ಒಳಗೆ ಗುಂಡಿರಲಿಲ್ಲ. ಗುರಿಯಿಡಲು ಅದರ ತುದಿಯಲ್ಲೊಂದು ಸಣ್ಣ ಮುಳ್ಳಿರುತ್ತದೆ. ಅದು ಮೇಡಂ ಕಣ್ಣಿಗೆ ಮಂಜುಮಂಜಾಗಿ ಕಾಣುತ್ತಿತ್ತು.

"ಕುಣಿಗಲ್ ಕಾಂಪಿಟೇಷನ್ ಒಂದು ನೋಡ್ತೀನಿ ಕಣೋ. ಅಲ್ಲೂ ಗುರಿ ತಪ್ಪಿದ್ರೆ ಈ ಪಿಸ್ತೂಲ್ನ ಶೂಟಿಂಗ್ ಕ್ಲಬ್ಬಿಗೆ ಕೊಟ್ಬಿಟ್ಟು ಮನೇಲಿ ಕೂತ್ಕೋತೀನಿ" ಎನ್ನುವಾಗ ಅವರ ಕಣ್ಣು ತುಂಬಿ ಬಂತು. ಪಿಸ್ತೂಲಿಗಿಂತ ಅದನ್ನು ಕಂಡೇ ನನಗೆ ಹೆಚ್ಚು ಗಾಬರಿಯಾಯಿತು. ಮೇಡಂ ಕಣ್ಣಲ್ಲಿ ನೀರು ಬರುತ್ತದೆಂದೇ ನನಗೆ ಗೊತ್ತಿರಲಿಲ್ಲ.

ಟೇಪು ಹಿಡಿದು, ಅವರ ಕಣ್ಣಿನಿಂದ ಮುಳ್ಳಿನವರೆಗೆ ಅಳತೆ ತೆಗೆದೆ. ಆಗ ಟೇಬಲ್ ಕೆಳಗಿನಿಂದ ಆ ಗಿರಾಕಿಯ ದನಿ ಬಂತು: "ಸಾರ್, ಮೊದ್ಲು ಅಮ್ಮಾವ್ರದ್ದು ಮುಗ್ಸಿ. ನಂದೇನೂ ಅರ್ಜೆಂಟಿಲ್ಲ."

ಗುಬ್ಬಿ

ಲೆನ್ಸ್ ಹಾಕಿದ ಮೇಲೆ ಮುಳ್ಳೇನೋ ಸ್ಪಷ್ಟವಾಯಿತು. ಆದರೆ ಪಿಸ್ತೂಲಿನ ಹಿಂದಿರುವ ಸೀಳಿನ ನಡುವೆ ಅದನ್ನು ಕೂರಿಸಿ ನೋಡಬೇಕು. ಸೀಳು ಕಿರಿದು, ಮುಳ್ಳಿನ ಅಕ್ಕಪಕ್ಕ ಬೆಳಕೇ ಕಾಣುವುದಿಲ್ಲ ಎಂದರು ಮೇಡಂ. ಅದನ್ನು ಅಗಲ ಮಾಡಿಸಲು ಗುಬ್ಬಿಯ ಲೇತ್ ಮೇಸ್ತ್ರಿಯ ಹತ್ತಿರ ಹೋದೆವು. ಪಿಸ್ತೂಲು ಕಂಡದ್ದೇ ಮೇಸ್ತ್ರಿ ಷಟರನ್ನು ಅರ್ಧ ಎಳೆದುಬಿಟ್ಟ.

"ನಾನು ಮಕ್ಳೊಂದಿಗ ಕಣಮ್ಮ. ಇವೆಲ್ಲ ಬ್ಯಾಡ ಬುಡಿ."

ಆಟದ ಸಾಮಾನು ಎಂದು ನಂಬಿಸುವಷ್ಟರಲ್ಲಿ ಸಾಕಾಯಿತು. ವಾರ ಬಿಟ್ಟು ಹೋದರೆ ಸೀಳನ್ನು ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಅಗಲ ಮಾಡಿದ್ದ. ಅಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಮೇಡಂ ಸಾಮಾನು ಲಕಲಕ ಅನ್ನಲಿ ಎಂದು ಸೀಳಿಗೂ ಮುಳ್ಳಿಗೂ ಬೆಳ್ಳಿಯ ಹಾಗೆ ಪಾಲಿಶ್ ಮಾಡಿ, ಮೇಲೆ ವಿಭೂತಿ, ಕುಂಕುಮ ಬೇರೆ ಇಟ್ಟಿದ್ದ. ಗುರಿಯಿಡುವ ಜಾಗ ಹೊಳಪಿಲ್ಲದೆ ಕಪ್ಪಗಿರಬೇಕು. ಈಗ ಬಿಸಿಲಿಗೆ ಹಿಡಿದರೆ ಕಣ್ಣು ಕುಕ್ಕುತ್ತಿತ್ತು. ಮೇಡಂ ಕಣ್ಣಿಗೆ ಕೈ ಅಡ್ಡ ಹಿಡಿದರು.

ಮೇಸ್ತ್ರಿಯ ಹೆಂಡತಿ ಒಳಗಿನಿಂದ ಹರಳೆಣ್ಣೆ ದೀಪ ತಂದಿಟ್ಟು, "ಕಾಡ್ಗೆ ಕಟ್ಟೋ ಹಂಗೆ ದೀಪುಕ್ ಹಿಡೀರಿ, ಕಪ್ಪಾಯ್ತದೆ" ಅಂದರು. ಹಾಗೇ ಆಯಿತು.

ಮೇಡಂ ನಿಟ್ಟುಸಿರುಬಿಟ್ಟು, "ಇಷ್ಟು ವರ್ಷ ಕಾಡಿಗೆನ ಕಣ್ಣಿಗೆ ಹಚ್ಕೊಂಡು ಏನೂ ಉಪಯೋಗ ಆಗ್ಲಿಲ್ಲ. ಇದಕ್ಕಾದ್ರೂ ಆಗ್ಲಿ ಬಿಡವ್ವ" ಅಂದರು.

ಕುಣಿಗಲ್

ಸ್ಪರ್ಧೆಯ ದಿನ ನಾನೂ ಜೊತೆಗೆ ಹೋದೆ. ಹತ್ತು ಮೀಟರ್ ದೂರದಲ್ಲಿ ಸಾಲಾಗಿ ರಟ್ಟಿನ ಕಾರ್ಡುಗಳು. ಕನ್ನಡಕ ಹಾಕಿದ ಮೇಡಂ ಹೆದರಿದರು.

"ಮುಳ್ಳು ಚೆನ್ನಾಗ್ ಕಾಣುತ್ತೆ ಕಣೋ. ಕಾರ್ಡೇ ಮಸುಕು."

"ಅದು ಮಸುಕಾಗೇ ಇರ್ಬೇಕು ಮೇಡಂ. ನೀವು ಮುಳ್ಳು ಮಾತ್ರ ನೋಡಿ" ಅಂದೆ. ಜೀವನದಲ್ಲಿ ಮೊದಲ ಬಾರಿ ಅವರಿಗೆ ನಾನು ಪಾಠ ಹೇಳಿದ್ದೆ. ಬಹಳ ಹೆಮ್ಮೆಯಾಯಿತು.

ಹತ್ತು ಗುಂಡು ಹೊಡೆದರು. ಕೈ ಕಂಬದಂತೆ ನಿಂತಿತ್ತು. ಆಮೇಲೆ ರೆಫ್ರಿ ಅವರ ಕಾರ್ಡು ತಂದು ಕೊಟ್ಟರು. ತಿರುಗಿಸಿ ಮುರುಗಿಸಿ ನೋಡಿದೆ. ಅದರಲ್ಲಿ ಒಂದೂ ತೂತಿರಲಿಲ್ಲ. ಮೇಡಂ ಪಿಸ್ತೂಲನ್ನು ಡಬ್ಬಿಗೆ ಹಾಕಿ ಮುಚ್ಚಳ ಮುಚ್ಚಿದರು. ಅವರ ಮುಖ ನೋಡಲು ನನಗೆ ಧೈರ್ಯ ಬರಲಿಲ್ಲ.

ಅಷ್ಟರಲ್ಲಿ ಪಕ್ಕದ ಲೇನಿನಲ್ಲಿ ಹೊಡೆದ ಹಿರಿಯರೊಬ್ಬರು ತಮ್ಮ ಕಾರ್ಡು ಎದೆಗೊತ್ತಿಕೊಂಡು ಹೆಂಡತಿಗೆ ಫೋನ್ ಮಾಡುತ್ತಿದ್ದರು. "ಲೇ, ಹತ್ತೂ ನಡುವಿಗೇ ಬಿದ್ದವೆ ಕಣೇ. ಈ ವಯಸ್ನಲ್ಲಿ ಹಿಂಗ್ ಹೊಡೀತೀನಿ ಅಂತ ನಂಗೇ ಗೊತ್ತಿರ್ಲಿಲ್ಲ."

ರೆಫ್ರಿ ಆ ಕಾರ್ಡು ಇಸಿದುಕೊಂಡು ಎಣಿಸಿದರು. ಇನ್ನೊಂದು ಸಲ ಎಣಿಸಿದರು. ಹತ್ತು ಗುಂಡಿಗೆ ಇಪ್ಪತ್ತು ತೂತು. ಹತ್ತು ರೂಪಾಯಿ ನಾಣ್ಯದಷ್ಟು ಜಾಗದಲ್ಲಿ ಒತ್ತೊತ್ತಾಗಿ ಹತ್ತು. ಉಳಿದ ಹತ್ತು ಕಾರ್ಡಿನ ಮೂಲೆ ಮೂಲೆಯಲ್ಲಿ ಚೆಲ್ಲಾಡಿದ್ದವು.

ಹಿರಿಯರು ಮೆಲ್ಲಗೆ ಫೋನ್ ಕಟ್ ಮಾಡಿದರು.

"ಬೇರೆಯವ್ರ ಕಾರ್ಡಿಗೆ ಹೊಡೆದದ್ದು ಲೆಕ್ಕಕ್ಕಿಲ್ಲ ಮೇಡಂ. ನಿಮ್ಮದು ಸೊನ್ನೆ" ಅಂದರು ರೆಫ್ರಿ.

ಮೇಡಂ ಆ ನಡುವಿನ ತೂತುಗಳನ್ನು ಬೆರಳಿನಿಂದ ಸವರಿ ಸವರಿ ನೋಡಿದರು. ಪಿಸ್ತೂಲಿನ ಡಬ್ಬಿಯನ್ನು ಕಂಕುಳಲ್ಲಿ ಭದ್ರವಾಗಿ ಹಿಡಿದುಕೊಂಡು ನನ್ನ ಕಡೆ ತಿರುಗಿದರು.

"ಕೈ ಸರಿಯಾಗಿದೆ, ಕಣ್ಣೂ ಸರಿಯಾಗಿದೆ. ಇದನ್ನ ಯಾರಿಗೂ ಕೊಡಲ್ಲ ಕಣೋ. ನನ್ ಕಾರ್ಡ್ ಯಾವುದು ಅಂತ ಗೊತ್ತಾಗ್ಲಿಲ್ಲ, ಅಷ್ಟೇ. ಮುಂದಿನ್ ಸಲ ಅದರ ಪಕ್ಕ ನೀನು ನಿಂತ್ಕೋ."

"ನಾನಾ ಮೇಡಂ?"

"ಹೂಂ, ನೀನೇ. ಆ ಹೊಟ್ಟೆ ಈ ಕನ್ನಡಕ ಹಾಕಿದ್ರೂ ಕಾಣುತ್ತೆ."