ಎರವಲು ತಂದ ಮಹಾಪ್ರಬಂಧಕ್ಕೆ ಮಂಗಳ ಹಾಡಿದ್ದು

ಮಾನ್ಯ ಓದುಗರ ಸನ್ನಿಧಿಗೆ ವಿನಯಪೂರ್ವಕವಾಗಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ಪುಸ್ತಕವನ್ನು ಎರವಲು ತರುವುದು ಕಷ್ಟವಲ್ಲ; ತಂದದ್ದನ್ನು ಮನೆಯಿಂದ ಹೊರಡಿಸುವುದೇ ಕಷ್ಟ. ಈ ಮಾತು ನೆಂಟರಿಗೂ ಅನ್ವಯಿಸುತ್ತದೆಯಾದರೂ, ಆ ವಿಷಯವು ಸದರಿ ಬರಹದ ವ್ಯಾಪ್ತಿಗೆ ಬರುವುದಿಲ್ಲ.

ನಾನು ಕಾಸಾರಶಿರಸಿಯಲ್ಲಿ ಮಾಸ್ತರನಾಗಿದ್ದೇನೆ. ಜೋಳಕ್ಕೆ ಬರುವ ಕಾಡಿಗೆ ರೋಗದ ಕುರಿತು ಲೇಖನವೊಂದನ್ನು ಬರೆಯಬೇಕೆಂಬ ಆಸೆ ನನ್ನಲ್ಲಿ ಹುಟ್ಟಿತು. ಅದೇ ವಿಷಯದ ಮೇಲೆ ಪದವಿಗಾಗಿ ಉರ್ದುವಿನಲ್ಲಿ ಬರೆದೊಪ್ಪಿಸಿದ ಮಹಾಪ್ರಬಂಧವು ಹೈದರಾಬಾದಿನ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿದೆಯೆಂದು ತಿಳಿದು ಅರ್ಜಿ ಗುಜರಾಯಿಸಿದೆ. ನಮ್ಮ ಹೆಡ್‌ಮಾಸ್ತರ ಸಾಹೇಬರು ಜಾಮೀನಿಗೆ ರುಜು ಹಾಕಿದರು. "ದೇಖೋ ಮಾಸ್ತರ, ಶ್ರಾವಣ ಮುಗಿಯೂದ್ರಾಗ ವಾಪಸ್ ಹೋಗಬೇಕು. ತಡ ಆದ್ರ ಇನ್ನ ಮುಂದ ನನ್ನ ಹೆಸರಿಗೂ ಪುಸ್ತಕ ಬರಂಗಿಲ್ಲ," ಎಂದರು. ಓದುವುದೊಂದನ್ನು ಬಿಟ್ಟು ಬೇರೆ ವ್ಯಸನವಿಲ್ಲದ ಅವರಿಗೆ ಅದು ಊಟ ನಿಲ್ಲಿಸಿದಂತೆಯೇ ಸರಿ.

ಪ್ರಬಂಧವು ಶ್ರಾವಣದ ಮೊದಲ ಸೋಮವಾರವೇ ಅಂಚೆಯಲ್ಲಿ ಬಂದದ್ದು ಅನರ್ಥಕ್ಕೆ ಮೂಲವಾಯಿತು. ನಮ್ಮದು ಸುತ್ತಲಿನ ರೈತ ಮನೆತನಗಳಿಗೆ ಪೂಜೆ ಪುನಸ್ಕಾರ ಮಾಡಿಕೊಂಡು ಬಂದ ಅಯ್ಯಗಳ ಮನೆ. ಶ್ರಾವಣದಲ್ಲಿ ನಮ್ಮ ಪಡಸಾಲೆಯಲ್ಲಿ ಪುರಾಣ ಹಚ್ಚುವುದು ರೂಢಿ. ನಾನು ಅಭ್ಯಾಸಬಲದಿಂದ ಅಲ್ಲಿಯೇ ಕುಳಿತು, ಒಂದು ಸಾಲು ಉರ್ದುವನ್ನು ಗಟ್ಟಿಯಾಗಿ ಓದಿ, ಕನ್ನಡದಲ್ಲಿ ಅರ್ಥ ಹೇಳಿಕೊಳ್ಳತೊಡಗಿದೆ. ತಲೆಯೆತ್ತುವಷ್ಟರಲ್ಲಿ ಸೋದರತ್ತೆ ಗಂಗವ್ವ ಪುಸ್ತಕದ ಮುಂದೆ ದೀಪವಿಟ್ಟಿದ್ದಳು. ನೆರೆಯ ರೈತ ಶರಣಪ್ಪನವರು ನಾಲ್ಕು ಮಂದಿಯೊಡನೆ ಬಂದು ಕುಳಿತಿದ್ದರು.

"ಅತ್ತಿ, ಇದು ಪುರಾಣ ಅಲ್ಲ, ಜೋಳದ ರೋಗದ್ದು," ಎಂದೆ.

"ದೀಪ ಹಚ್ಚೀನಿ. ಕೊನಿ ಪುಟ ಓದಿ ಮಂಗಳ ಆಗೂತನಕ ಇನ್ನ ಇದು ಮನಿ ಬಿಟ್ಟು ಹೋಗಂಗಿಲ್ಲ," ಎಂದಳು ಅತ್ತೆ.

"ರೋಗದ್ದಾದ್ರ ಛಲೋನೇ ಆತಲ್ಲರೀ ಅಯ್ನೋರ. ದೇವರ ಕಥಿ ವರ್ಷಾ ಕೇಳ್ತೀವಿ. ಈ ಸಲ ನಮ್ಮ ಹೊಲದ್ದು ಕೇಳೂಣು," ಎಂದರು ಶರಣಪ್ಪ.

ಹೊಲದ ಕಥೆಯು ಸುಲಭವಾಗಿ ಪುಟ ದಾಟುವುದಿಲ್ಲವೆಂಬುದು ಆಮೇಲೆ ನನ್ನ ಗಮನಕ್ಕೆ ಬಂತು. ತೆನೆ ಕಪ್ಪಾಯಿತೆಂದು ಓದಿದರೆ ಸಾಕು, "ಅದು ನಿನ್ನ ಹೊಲದಿಂದ್ಲೇ ನಮ್ಮ ಕಡಿ ಹಾರಿ ಬಂತು ನೋಡು" ಎಂದೊಬ್ಬರು, "ಯಾಕ, ರೋಗಕ್ಕ ನಿನ್ನ ಒಡ್ಡು ಕಾಣಲಿಲ್ಲೇನು?" ಎಂದು ಮತ್ತೊಬ್ಬರು. ತಿಂಗಳು ಕೊನೆಗೆ ಬಂದರೂ ನಾವು ಎರಡನೆಯ ಅಧ್ಯಾಯ ದಾಟಿರಲಿಲ್ಲ. ಸಾಹೇಬರು ಶಾಲೆಯಲ್ಲಿ ಏನೂ ಕೇಳದೆ ನನ್ನ ಚೀಲದ ಕಡೆಗೆ ನೋಡುತ್ತಿದ್ದರು. ಕೇಳಿದ್ದರೆ ಅಷ್ಟು ಸಂಕಟವಾಗುತ್ತಿರಲಿಲ್ಲ.

ಕೊನೆಯ ಸೋಮವಾರ ನಾನು ಧೈರ್ಯಮಾಡಿ ನೇರವಾಗಿ ಕೊನೆಯ ಪುಟಗಳಿಗೆ ಹಾರಿದೆ. ಅಲ್ಲಿದ್ದುದು ಪ್ರಬಂಧಕಾರರು ಆಧಾರವಾಗಿ ಬಳಸಿದ ಗ್ರಂಥಕರ್ತರ ಹೆಸರುಗಳು, ಹೆಚ್ಚಿನವು ವಿಲಾಯಿತಿಯವು. ಒಂದೊಂದು ಹೆಸರಿಗೂ ಅತ್ತೆ ಕೈಮುಗಿದಳು. ಆಕೆಯನ್ನು ನೋಡಿ ಪಡಸಾಲೆಯೆಲ್ಲ ಕೈಮುಗಿಯಿತು.

"ಎಷ್ಟು ಮಂದಿ ಶರಣರಿದ್ದಾರೋ ತಮ್ಮಾ ಆ ಕಡಿ!" ಎಂದು ಅತ್ತೆ ಬೆರಗಾದಳು.

ಶರಣಪ್ಪ ಮಾತ್ರ, "ಅಯ್ನೋರ, ಬೀಜಕ್ಕ ಔಷಧ ಹೇಳೂ ಅಧ್ಯಾಯ ಎಲ್ಲಿ ಹೋತ್ರೀ?" ಎಂದರು. ಅಷ್ಟರಲ್ಲಿ ಅತ್ತೆ ಮಂಗಳಾರತಿ ಎತ್ತಿಯಾಗಿತ್ತು. ಆರತಿಯಾದ ಮೇಲೆ ಪ್ರಶ್ನೆ ಕೇಳುವ ರೂಢಿ ನಮ್ಮಲ್ಲಿಲ್ಲ.

ಪ್ರಬಂಧವು ಗಡುವಿನೊಳಗೆ ಹೈದರಾಬಾದಿಗೆ ಮರಳಿತೆಂದೂ, ಸಾಹೇಬರಿಗೆ ಪುಸ್ತಕಗಳು ಯಥಾಪ್ರಕಾರ ಬರುತ್ತಿವೆಯೆಂದೂ ತಿಳಿಸಲು ಸಂತೋಷವಾಗುತ್ತದೆ. ಔಷಧದ ಅಧ್ಯಾಯವನ್ನು ನಾನೂ ಓದಿಲ್ಲವೆಂಬುದು ಲೇಖನ ಬರೆಯಲು ಕುಳಿತಾಗ ತಿಳಿಯಿತು. ಈಗ ಹಿಂಗಾರಿ ಬಿತ್ತನೆ ಸಮೀಪಿಸಿದೆ. ಬೀಜಕ್ಕೆ ಏನು ಹಚ್ಚಬೇಕೆಂದು ಶರಣಪ್ಪನವರು ಬಾಗಿಲಿಗೆ ಬಂದು ಕೇಳುತ್ತಾರೆ. ನಿರುಪಾಯನಾದ ನಾನು ಅವರಿಗೆ ವಿಭೂತಿಯನ್ನು ಕೊಟ್ಟು ಕಳುಹಿಸುತ್ತಿದ್ದೇನೆ.