ಮಾವನ ಬಾಯಾರದ ಗೋಧಿ

ನಮ್ಮ ಸೋದರಮಾವ ಜೀವಮಾನದಲ್ಲಿ ಒಂದು ಬಾಗಿಲನ್ನಾದರೂ ಹಾಕಿದ್ದನ್ನು ಕಂಡವರು ಹುಮನಾಬಾದಿನಲ್ಲಿ ಇದ್ದರೆ ದಯವಿಟ್ಟು ಮುಂದೆ ಬರಬೇಕು! ಬೀದಿ ಬಾಗಿಲು ಹಾರುಹೊಡೆದು ಕಾಲೇಜಿಗೆ ಹೋಗಿಬಿಡುತ್ತಿದ್ದ. ಓಣಿಯ ಆಕಳು ಸೀದಾ ಅಡುಗೆಮನೆಗೆ ಬಂದು ನಿಂತಿರುತ್ತಿತ್ತು. ಬಚ್ಚಲ ಬಾಗಿಲಿನ ಸುದ್ದಿಯಂತೂ ಬೇಡವೇ ಬೇಡ. ಇಂಥ ಮನುಷ್ಯ ಹಗಲೂ ರಾತ್ರಿ ಚಿಂತಿಸುತ್ತಿದ್ದದ್ದು ಯಾವುದರ ಬಗ್ಗೆ ಅಂತೀರಿ? ಬಾಗಿಲುಗಳ ಬಗ್ಗೆಯೇ! ಅದೂ ಗೋಧಿ ಗಿಡದ ಜೀವಕೋಶದ ಒಳಗಿನ, ಕಾಲೇಜಿನ ಸೂಕ್ಷ್ಮದರ್ಶಕಕ್ಕೂ ಕಾಣದ ಬಾಗಿಲುಗಳ ಬಗ್ಗೆ.

ಮಾವ ಹುಮನಾಬಾದಿನ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದ. ನಾನು ಬಸವಕಲ್ಯಾಣದಿಂದ ಬಂದು ಅವನ ಮನೆಯಲ್ಲಿದ್ದುಕೊಂಡು ಪಿಯುಸಿ ಓದುತ್ತಿದ್ದೆ. ಎರಡು ಸಾವಿರನೇ ಇಸವಿಯ ಆಸುಪಾಸು ಇರಬೇಕು. ಧಾರವಾಡದ ಗೆಳೆಯನೊಬ್ಬ ಅವನಿಗೆ ಯಾವುದೋ ವಿಜ್ಞಾನ ಪತ್ರಿಕೆಯ ಝೆರಾಕ್ಸ್ ಕಳಿಸಿದ. ಅವತ್ತು ನಮ್ಮ ಮನೆಗೆ ಬಂದ ಮೈಟೋಕಾಂಡ್ರಿಯಾ, ಹಬ್ಬಕ್ಕೆಂದು ಬಂದ ಬೀಗರ ಹಾಗೆ ಮತ್ತೆ ಏಳಲೇ ಇಲ್ಲ.

ಅತ್ತೆಗೆ ಅದನ್ನು ತಿಳಿಸಿ ಹೇಳಲು ಮಾವ ಆರಿಸಿಕೊಂಡದ್ದು ಅವಳು ರೊಟ್ಟಿ ಬಡಿಯುವ ಹೊತ್ತನ್ನು. ಅತ್ತೆಯ ತವರು ಕೊಹಿನೂರ ಎಂಬ ಹಳ್ಳಿ. ಅಲ್ಲಿನ ಮಣ್ಣಿನ ಮಾಳಿಗೆ ಮನೆಯಲ್ಲಿ, ಒಲೆಯ ನೆತ್ತಿಗೆ ಸರಿಯಾಗಿ, ಹೊಗೆ ಹೋಗಲು ಒಂದು ಬೆಳಕಿಂಡಿ ಇತ್ತು. ಮಾವ ಅದನ್ನೇ ಹಿಡಿದುಕೊಂಡ. ಜೀವಕೋಶಕ್ಕೆ ಮೈಟೋಕಾಂಡ್ರಿಯಾ ಅಡುಗೆಮನೆ ಇದ್ದ ಹಾಗಂತೆ. ನೀರಿಲ್ಲದೆ ಗಿಡ ಸೊರಗಿದಾಗ ಉಣ್ಣುವವರು ಕಡಿಮೆ, ಒಲೆ ಮಾತ್ರ ಉರಿಯುತ್ತಲೇ ಇರುತ್ತದೆ. ಒಳಗೆಲ್ಲ ಹೊಗೆ, ಕಿಡಿ. ಹಾಗೇ ಬಿಟ್ಟರೆ ಮನೆಯೇ ಸುಟ್ಟುಹೋದೀತು. ಆಗ ಗೋಡೆಯಲ್ಲಿರುವ ಪುಟ್ಟ ಬಾಗಿಲುಗಳು ಆ ಬೆಳಕಿಂಡಿಯ ಹಾಗೆ ತೆರೆದುಕೊಂಡು ಪೊಟ್ಯಾಸಿಯಂ ಅಯಾನುಗಳನ್ನು ಒಳಗೆ ಬಿಡುತ್ತವೆ, ಒಲೆಯ ಬಿರುಸು ಇಳಿಯುತ್ತದೆ, ಗಿಡ ಬದುಕಿಕೊಳ್ಳುತ್ತದೆ. ಯಾವ ಗೋಧಿಯ ಬಾಗಿಲು ಚುರುಕೋ ಆ ಗೋಧಿ ಬರಗಾಲವನ್ನೂ ತಾಳೀತು ಎಂಬುದು ಮಾವನ ನಂಬಿಕೆ.

ಅತ್ತೆ ಎಲ್ಲವನ್ನೂ ಸಮಾಧಾನದಿಂದ ಕೇಳಿದಳು. "ಅದೆಲ್ಲ ಖರೇನೇ ಇರಬೇಕ್ರಿ. ಮೊದಲ ನಮ್ಮ ಬೀದಿ ಬಾಗಲಾ ಹಾಕಿ ಬರ್ರಿ, ಆಕಳಾ ಬರಾಕತ್ತದ."

ಮುಂದೆ ಮಾವ ಹುಮನಾಬಾದಿನ ಕಾಳಿನ ಪೇಟೆಗೆ ಹೋಗಿ, ಅಡತ್ ಅಂಗಡಿಯ ಸಾಹುಕಾರರನ್ನು ಯಾವ ಗೋಧಿ ನೀರಿಲ್ಲದೆ ಬಹಳ ದಿನ ಇರುತ್ತದೆ ಎಂದು ಕೇಳಿದ. ಅವರು ಪಾಪ, ಚಪಾತಿ ಮೆತ್ತಗಾಗುತ್ತವೋ ಇಲ್ಲವೋ ಎಂದು ಕೇಳುವ ಗಿರಾಕಿಗಳನ್ನು ಮಾತ್ರ ಕಂಡವರು. ನೀರಿಲ್ಲದ ಗೋಧಿ ನಮ್ಮಲ್ಲಿ ಎಲ್ಲ ಚೀಲದಲ್ಲೂ ಇದೆ ಸರ, ಹಸಿಯಾದದ್ದನ್ನು ನಾವು ಮಾರುವುದೇ ಇಲ್ಲ ಎಂದು ಆಣೆ ಮಾಡಿ ಹೇಳಿದರು!

ಕಾಲೇಜಿನಲ್ಲಿ ಅವನಿಗೆ 'ಬಾಗಿಲ ಸರ್' ಎಂಬ ಹೆಸರೇ ಬಿದ್ದಿತ್ತು. ಅವನು ಸ್ಟಾಫ್ ರೂಮಿಗೆ ಬಂದರೆ ಜೊತೆಯವರು ಎದ್ದು ಬಾಗಿಲು ತೆರೆದು ಹಿಡಿದು ನಗುತ್ತಿದ್ದರು. ಮಾವನೂ ನಗುತ್ತಿದ್ದ. ಆದರೆ ಒಮ್ಮೆಯಾದರೂ ತನ್ನ ಮಾತನ್ನು ನಾಲ್ಕು ಮಂದಿ ನಂಬಬೇಕು ಎಂಬ ಆಸೆ ಅವನನ್ನು ಒಳಗೊಳಗೇ ಸುಡುತ್ತಿತ್ತು. ಅದು ಅತ್ತೆಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು.

ಅದಕ್ಕೇ ಆ ವರ್ಷ ಮಾವ ಪ್ರಯೋಗಕ್ಕೆ ಇಳಿದ. ಎರಡು ಕುಂಡ, ಒಂದರಲ್ಲಿ ಪೇಟೆಯ ಗೋಧಿ, ಇನ್ನೊಂದರಲ್ಲಿ ಕೊಹಿನೂರಿನ ಜವಾರಿ ಗೋಧಿ. ಸಸಿ ಗೇಣುದ್ದ ಆದ ಮೇಲೆ ಎರಡಕ್ಕೂ ನೀರು ಬಂದ್. ಯಾವುದು ತಾಳುತ್ತದೋ ನೋಡೋಣ ಎಂದ. ಕುಂಡಗಳನ್ನು ಅವನು ಇಟ್ಟದ್ದೆಲ್ಲಿ? ದೇವರಕೋಣೆಯ ಕಿಟಕಿಯಲ್ಲಿ. ನೀರು ನಿಲ್ಲಿಸಿದ್ದು ಯಾವಾಗ? ನವರಾತ್ರಿಯ ಮೊದಲ ದಿನ!

ನಮ್ಮ ಕಡೆ ಆಗ ಘಟ ಕೂಡಿಸುತ್ತಾರೆ. ಕಳಸದ ಸುತ್ತ ಮಣ್ಣು ಹಾಕಿ, ಗೋಧಿ ಬಿತ್ತಿ, ದಿನವೂ ನೀರು ಚಿಮುಕಿಸಿ ಸಸಿ ಬೆಳೆಸುತ್ತಾರೆ. ಅತ್ತೆಯದು ಅದರ ಜೊತೆಗೆ ಕಡುಉಪವಾಸ. ಸಂಜೆ ದೀಪ ಹಚ್ಚುವವರೆಗೆ ನೀರೂ ಮುಟ್ಟುವವಳಲ್ಲ. ಈ ಸಲ ಯಾವ ಹರಕೆ ಅತ್ತೆ ಎಂದು ಕೇಳಿದರೆ ಸುಮ್ಮನೆ ನಕ್ಕಳು.

ದಿನ ಕಳೆದಂತೆ ಪೇಟೆಯ ಗೋಧಿ ಹಳದಿಯಾಗಿ ಗೋಣು ಚೆಲ್ಲಿತು. ಕೊಹಿನೂರಿನದು ಹಸಿರಾಗಿ, ಸೆಟೆದು ನಿಂತಿತ್ತು! ಮಾವನ ಕಾಲು ನೆಲಕ್ಕೆ ತಾಗಲಿಲ್ಲ. ದಸರೆಗೆ ಬಂದೇ ತೀರಬೇಕೆಂದು ಧಾರವಾಡದ ಗೆಳೆಯನಿಗೆ ಫೋನು ಮಾಡಿದ. ದಸರೆಯ ಸಂಜೆ ಬನ್ನಿ ಎಲೆ ಕೊಡಲು ಹೇಗೂ ಬರುವ ಕಾಲೇಜಿನವರಿಗೆ, ಕುಂಡ ತೋರಿಸುತ್ತೇನೆ ಬನ್ನಿ ಎಂದು ಹೇಳಿಟ್ಟ.

ದಸರೆಯ ಸಂಜೆ ಕುಂಡ ಒಯ್ಯಲು ಮಾವ ದೇವರಕೋಣೆಗೆ ಬಂದ, ಹಿಂದೆ ನಾನು. ಅತ್ತೆ ದೀಪ ಹಚ್ಚಿದ್ದಳು. ಕೈಯಲ್ಲಿ ಅವಳು ಕುಡಿಯಬೇಕಾದ ನೀರಿನ ತಂಬಿಗೆ. ಅದನ್ನು ಬಾಯಿಗೆ ಒಯ್ಯುವ ಮೊದಲು ಕೊಹಿನೂರಿನ ಕುಂಡಕ್ಕೆ ಬಗ್ಗಿಸುತ್ತಿದ್ದಳು.

"ದಿನಾ ಹಾಕಾಕತ್ತೀ ಏನು?" ಮಾವನ ದನಿ ಸಣ್ಣಗಾಗಿತ್ತು.

"ಹೌದ್ರಿ. ಮಂದಿ ನಿಮಗ ನಗೋದು ನಿಲ್ಲಲಿ, ಈ ಗೋಧಿ ಗೆಲ್ಲಲಿ ಅಂತ ದೇವಿಗಿ ಬೇಡ್ಕೊಂಡೀನಿ. ನನಗ ಗಂಟಲಾ ಒಣಗಿದಾಗ ಇದರ ಮಾರಿ ನೋಡಾಕ ಆಗಲಿಲ್ರಿ. ಅರ್ಧಾ ಇದಕ್ಕ ಹಾಕಿ ಅರ್ಧಾ ನಾ ಕುಡದೀನಿ."

ಎಲ್ಲ ಭಾರವನ್ನೂ ದೇವಿಯ ಮೇಲೆ ಹಾಕುವುದು ಬೇಡವೆಂದು ತಾನೂ ಒಂದು ಕೈ ಹಚ್ಚಿದ್ದಳು ಪುಣ್ಯಾತ್ಗಿತ್ತಿ! ಮಾವ ಪೇಟೆಯ ಗೋಧಿಯ ಕಡೆ ನೋಡಿದ.

"ಅದು ಯಾರ ಹೊಲದ್ದೋ ಏನೋ," ಅಂದಳು ಅತ್ತೆ.

ಅಷ್ಟರಲ್ಲಿ ಬೀದಿಯಲ್ಲಿ ಕಾಲೇಜಿನವರ ಮಾತು ಕೇಳಿಸಿತು. ಧಾರವಾಡದವನ ನಗುವೂ ಇತ್ತು. ಮಾವ ಹೊರಗೆ ಹೋದ. ಈಗ ಏನು ಹೇಳುತ್ತಾನೋ ಎಂದು ನಾನು ಒಳಗಿನಿಂದಲೇ ಕಿವಿಗೊಟ್ಟೆ. ಗೋಧಿ ನೀರು ಕುಡಿದುಬಿಟ್ಟಿದೆ, ಪ್ರಯೋಗ ಕೆಟ್ಟಿತು ಎಂದು ಅವರಿಗೆ ನೆಟ್ಟಗೆ ಹೇಳಿದ. ಹೋ ಎಂದು ನಗು ಎದ್ದಿತು. ತುಸು ತಡೆಯಿರಿ ಎಂದವನೇ ಬೀದಿ ಬಾಗಿಲು ಎಳೆದುಕೊಂಡು ಒಳಗಿನಿಂದ ಚಿಲಕ ಹಾಕಿದ.

ಗೋಧಿಯ ಬಾಯಾರಿಕೆಯನ್ನು ಗಳಿಗೆಗೊಮ್ಮೆ ನೋಡಿಕೊಳ್ಳುತ್ತಿದ್ದ ಮಾವ, ಕೊಡದಿಂದ ತಂಬಿಗೆ ತುಂಬಿ ತಂದು ಅತ್ತೆಯ ಎದುರು ನೆಲಕ್ಕೆ ಕೂತ. ಅವನ ಕಣ್ಣುಗಳು ತುಂಬಿದ್ದವು. ನನಗೂ ಅಳು ಬಂತು.

"ಇದು ಪೂರಾ ನೀನ ಕುಡಿ. ನಾ ಇಲ್ಲೇ ಕುಂತೀನಿ."

ಹೊರಗೆ ಬನ್ನಿ ಹಿಡಿದವರು ಬಾಗಿಲು ಬಡಿಯುತ್ತಲೇ ಇದ್ದರು. ಅತ್ತೆ ಕುಡಿದು ಮುಗಿಸುವವರೆಗೂ ಮಾವ ಅದನ್ನು ತೆಗೆಯಲಿಲ್ಲ.