ಹದಿನಾಲ್ಕನೆಯ ಉಲ್ಲೇಖ

ನಾನು ವೈದ್ಯ. ರಕ್ತಕ್ಕೆ ಹೆದರುವುದಿಲ್ಲ. ಒಬ್ಬ ರೋಗಿಯ ಹಿಂದೆ ಟ್ರ್ಯಾಕ್ಟರ್ ತುಂಬ ಬರುವ ಸಂಬಂಧಿಕರಿಗೂ ಅಷ್ಟಾಗಿ ಹೆದರುವುದಿಲ್ಲ. ಆದರೆ ವೈದ್ಯಕೀಯ ಪತ್ರಿಕೆಗೆಂದು ಲೇಖನ ಬರೆದು, ಕೊನೆಯ ಪುಟದಲ್ಲಿ ‘ಉಲ್ಲೇಖಗಳು’ ಎಂದು ಟೈಪ್ ಮಾಡುವ ಹೊತ್ತಿಗೆ ಕುರ್ಚಿ ಬಿಟ್ಟು ಎದ್ದುಬಿಡುತ್ತೇನೆ. ಯಾವ ಮಾತನ್ನು ಯಾರ ಬರಹದಿಂದ ತೆಗೆದುಕೊಂಡೆ ಎಂದು ಒಪ್ಪಿಕೊಳ್ಳುವ ಪಟ್ಟಿ ಅದು. ಒಪ್ಪಿಕೊಳ್ಳಲು ನನ್ನ ತಕರಾರಿಲ್ಲ. ಒಪ್ಪಿಕೊಳ್ಳಬೇಕಾದ ರೀತಿ ಜೀವ ಹಿಂಡುತ್ತದೆ. ಒಂದು ಪತ್ರಿಕೆಗೆ ಹೆಸರಿನ ಮುಂದೆ ಚುಕ್ಕೆ ಕಂಡರಾಗದು, ಇನ್ನೊಂದಕ್ಕೆ ಚುಕ್ಕೆಯಿಲ್ಲದಿದ್ದರೆ ಊಟ ಸೇರದು. ಒಂದರಲ್ಲಿ ಅಂಕಿ ಸಾಲಿನ ತಲೆಯ ಮೇಲೆ ಕೂರಬೇಕು, ಇನ್ನೊಂದರಲ್ಲಿ ಆವರಣದೊಳಗೆ ಮುದುಡಿಕೊಳ್ಳಬೇಕು. ಆರು ಲೇಖಕರ ಹೆಸರು ಕೊಟ್ಟರೆ ಸಾಕಂತೆ, ಉಳಿದವರೆಲ್ಲ ‘ಮತ್ತಿತರರು’. ಆ ಏಳನೆಯವನನ್ನು ನೆನೆದಾಗೆಲ್ಲ ಮದುವೆಯ ಕಾರ್ಡಿನಲ್ಲಿ ಹೆಸರು ಬಿಟ್ಟುಹೋಗಿ ಮೂಲೆಯಲ್ಲಿ ಮುಖ ಊದಿಸಿಕೊಂಡು ಕೂತ ಸೋದರಮಾವ ಕಣ್ಣ ಮುಂದೆ ಬರುತ್ತಾನೆ.

ಇಷ್ಟೆಲ್ಲ ಕಷ್ಟ ಬಡ್ತಿಗಾಗಿ, ಲೇಖನ ಅಚ್ಚಾಗದೆ ಅದು ಸಿಗದು. ಕೊಪ್ಪಳದ ವೈದ್ಯಕೀಯ ಕಾಲೇಜಿನಲ್ಲಿ ಪಾಠ ಹೇಳುವ ಕೆಲಸಕ್ಕೆ ಬರುವ ಮೊದಲು ಅಳವಂಡಿ ಕಡೆಯ ಒಂದು ಸಣ್ಣ ದವಾಖಾನೆಯಲ್ಲಿ ಆರು ವರ್ಷ ಇದ್ದೆ. ಅಲ್ಲಿ ಕಂಡ ಚೇಳು ಕಡಿತದ ರೋಗಿಗಳ ಬಗ್ಗೆ ಲೇಖನ ಬರೆದೆ. ಮೊದಲ ಪತ್ರಿಕೆ ಅದನ್ನು ಹಿಂದಕ್ಕೆ ಕಳಿಸಿತು. ಎರಡನೆಯದರ ಪದ್ಧತಿ ಬೇರೆ. ಮೂವತ್ತೊಂದು ಉಲ್ಲೇಖಗಳನ್ನೂ ಬಿಚ್ಚಿ ಮತ್ತೆ ಹೊಲಿದೆ. ಮನೆಯವಳು, “ಚೇಳು ಕಡಿದ್ರೂ ಇಷ್ಟು ದಿನ ನರಳೂದಿಲ್ಲರಿ” ಎಂದಳು.

ಕೊನೆಗೆ ಆ ಪತ್ರಿಕೆಯ ಪರಿಶೀಲಕರಿಂದ ಉತ್ತರ ಬಂತು. ಎಲ್ಲ ಸರಿಯಿದೆ, ಒಂದು ವಾಕ್ಯಕ್ಕೆ ಮಾತ್ರ ಉಲ್ಲೇಖವಿಲ್ಲ ಎಂದಿದ್ದರು. ಲೇಖನದಲ್ಲಿ ಜೀವವಿದ್ದದ್ದು ಆ ಒಂದೇ ವಾಕ್ಯದಲ್ಲಿ, ಮತ್ತು ಅದು ನನ್ನದಾಗಿರಲಿಲ್ಲ.

ಅದು ಶಂಕ್ರಮ್ಮ ಸಿಸ್ಟರ್ ಅವರ ಮಾತು. ನಾನು ಕೆಲಸಕ್ಕೆ ಸೇರಿದ ಮೊದಲ ವಾರ ಚೇಳು ಕಡಿದ ಇಬ್ಬರನ್ನು ಒಟ್ಟಿಗೆ ತಂದಿದ್ದರು. ಒಬ್ಬ ಗಂಡಸು ನೆಲದ ಮೇಲೆ ಹೊರಳಾಡಿ ಒದರುತ್ತಿದ್ದ. ನಾನು ಅವನತ್ತ ಓಡಿದೆ. ದವಾಖಾನೆಯ ಹಿರಿಯ ನರ್ಸ್ ಆಗಿದ್ದ ಶಂಕ್ರಮ್ಮ ನನ್ನ ತೋಳು ಹಿಡಿದು ನಿಲ್ಲಿಸಿದರು. “ಸಾಹೇಬ್ರ, ಒದರವ್ರನ್ನ ಬಿಡ್ರಿ. ಸುಮ್ಮನ ಕುಂತವ್ರ ಕೈ ಮುಟ್ಟಿ ನೋಡ್ರಿ. ಕೈ ತಣ್ಣಗಾಗಿ ಬೆವರಾಕತ್ತಿದ್ರ ಅವ್ರನ್ನ ಮೊದಲ ಒಳಗ ತಗೋರಿ.” ಬಾಗಿಲ ಬಳಿ ಒಬ್ಬ ಹೆಂಗಸು ಗೋಡೆಗೆ ಒರಗಿ ಸುಮ್ಮನೆ ಕೂತಿದ್ದಳು. ಮುಟ್ಟಿದರೆ ಕೈ ಮಣ್ಣಿನ ಕೊಡದಷ್ಟು ತಣ್ಣಗಿತ್ತು. ಆಕೆ ಬದುಕಿದಳು. ಲಕ್ಷಣಗಳೆಲ್ಲ ನನ್ನ ಪುಸ್ತಕದಲ್ಲೂ ಇದ್ದವು. ಅಂಥ ಗದ್ದಲದ ನಡುವೆ ಯಾರನ್ನು ಮೊದಲು ಮುಟ್ಟಬೇಕು ಎಂಬುದು ಮಾತ್ರ ಇರಲಿಲ್ಲ.

ಬಾಯಿಮಾತನ್ನು ಉಲ್ಲೇಖಿಸಬೇಕಾದರೆ ಹೇಳಿದವರ ಒಪ್ಪಿಗೆಯ ಸಹಿ ಬೇಕೆಂದು ಪತ್ರಿಕೆಯ ನಿಯಮವಿತ್ತು. ಸಿಸ್ಟರ್ ನಿವೃತ್ತರಾಗಿ ಕುಷ್ಟಗಿಯಲ್ಲಿ ತಂಗಿಯ ಮನೆಯಲ್ಲಿದ್ದರು. ಒಂದು ಭಾನುವಾರ ಅರ್ಜಿ ಹಿಡಿದು ಹೋದೆ. ಎಮ್ಮೆಗೆ ಹಿಂಡಿ ಕಲಸುತ್ತಿದ್ದವರು ಕೈ ತೊಳೆದು ಬಂದು, ಚಹಾ ಕೊಟ್ಟು, ಕಾಗದ ಕಂಡೊಡನೆ ಹಿಂದೆ ಸರಿದರು.

“ಸಹಿ ಒಂದ ಬ್ಯಾಡ್ರಿ ಸಾಹೇಬ್ರ. ಹಿಂದ ಲಸಿಕೆ ಇಡೂ ಐಸ್ ಬಾಕ್ಸ್ ಮುಟ್ಟಿತಂತ ಒಂದು ಸಹಿ ಮಾಡಿದ್ದೆ. ಅದಕ್ಕ ನಾಕು ವರ್ಷ ಮ್ಯಾಲಿನವ್ರಿಗೆ ಉತ್ತರ ಬರದೀನಿ.”

“ಇದು ಹಂಗಲ್ಲ ಸಿಸ್ಟರ್. ನಿಮ್ಮ ಹೆಸರು ಪುಸ್ತಕದಾಗ ಬರ್ತೈತಿ.”

“ಅದ ಮತ್ತ, ಹೆಸರು ಬಂದ್ರ ನನ್ನ ವಿಚಾರಣೆಗೆ ಕರೀತಾರ.” ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತಾ ಹೇಳಿದರು: “ಅಷ್ಟಕ್ಕೂ ಆ ಮಾತು ನಂದಲ್ರಿ. ನಂಗ ಹೇಳಿದಾಕಿ ನಮ್ಮ ಆಯಾ ಹನಮವ್ವ. ನೀವು ಬರೂದಕ್ಕಿಂತ ಮೊದಲ ಇದ್ಲು.”

“ಆಕಿಗೆ ಯಾರು ಹೇಳಿದ್ರು?”

“ಯಾರೂ ಹೇಳಿಲ್ರಿ. ಶೇಂಗಾ ಬಿಡಿಸಾಕ ಹೋದಾಗ ಆಕಿ ಗಂಡಗೂ ಮಗಳಿಗೂ ಕೂಡೇ ಚೇಳು ಕಡೀತು. ಗಂಡ ಊರು ಕೇಳೂಹಂಗ ಒದರಿದ. ಎಲ್ಲಾರೂ ಅವನ ಕಡೆ ಓಡಿದ್ರು. ಹುಡುಗಿ ಬದುವಿನ ಮ್ಯಾಲ ಸುಮ್ಮನ ಕುಂತಿದ್ಲು. ಸಂಜೀಕ ಹೋಗಿಬಿಟ್ಲು. ಎಂಟು ವರ್ಷದಾಕಿ.”

ಚಹಾ ನನ್ನ ಕೈಯಲ್ಲೇ ಆರಿತು. ಹನಮವ್ವ ಈಗೆಲ್ಲಿ ಎಂದು ಕೇಳಿದೆ.

“ಆಕೀನೂ ಹೋಗಿ ಭಾಳ ದಿನ ಆತು.” ಸಿಸ್ಟರ್ ಅರ್ಜಿಯನ್ನು ಮಡಿಸಿ ನನ್ನ ಕೈಗಿತ್ತರು. “ಹಂಗಾರ ಸಹಿ ಯಾರ್ದು ಬೇಕ್ರಿ ನಿಮಗ?”

ಆ ಪ್ರಶ್ನೆಗೆ ಪತ್ರಿಕೆಯ ನಿಯಮಾವಳಿಯಲ್ಲಿ ಉತ್ತರವಿರಲಿಲ್ಲ. ವಾಕ್ಯವನ್ನು ಅಳಿಸಿದೆ, ಲೇಖನ ಸಪ್ಪಗಾಯಿತು. ಮತ್ತೆ ಸೇರಿಸಿದೆ. ನನ್ನ ಅವಸ್ಥೆ ನೋಡಲಾರದೆ ಸಹೋದ್ಯೋಗಿಯೊಬ್ಬರು ಉಪಾಯ ಹೇಳಿಕೊಟ್ಟರು: “ಚೇಳಿನ ಮ್ಯಾಲೆ ಬರದ ಯಾವ್ದರ ಒಂದು ಲೇಖನದ ನಂಬರ್ ಹಾಕಿಬಿಡ್ರಿ. ಯಾರು ತಗದು ನೋಡ್ತಾರ?” ನಾನು ಎರಡು ದಿನ ನೈತಿಕತೆಯ ಬಗ್ಗೆ ಯೋಚಿಸಿದೆ. ಮೂರನೆಯ ದಿನ ತಿದ್ದುಪಡಿ ಕಳಿಸಲು ಕೊನೆಯ ದಿನವಾಗಿತ್ತು. ಪರದೇಶದ ಯಾರದೋ ಲೇಖನ ಸಿಕ್ಕಿತು, ತಲೆಬರಹದಲ್ಲಿ ಚೇಳು ಇತ್ತು. ಅದು ಹದಿನಾಲ್ಕನೆಯ ಉಲ್ಲೇಖವಾಗಿ ಹೋಗಿ ಕೂತಿತು. ಚುಕ್ಕೆ, ಅಲ್ಪವಿರಾಮ, ಪುಟಸಂಖ್ಯೆ ಎಲ್ಲವನ್ನೂ ಭಕ್ತಿಯಿಂದ ಸರಿಪಡಿಸಿದೆ. ಸುಳ್ಳಿಗೆ ಅಷ್ಟು ಚೆನ್ನಾಗಿ ಇಸ್ತ್ರಿ ಮಾಡಿದ್ದು ನನ್ನ ಜನ್ಮದಲ್ಲೇ ಮೊದಲು.

ಲೇಖನ ಅಚ್ಚಾಯಿತು. ಒಂದು ಪ್ರತಿ ಹಿಡಿದು ಮತ್ತೆ ಕುಷ್ಟಗಿಗೆ ಹೋದೆ. ಯಾಕೆ ಹೋದೆನೋ ಗೊತ್ತಿಲ್ಲ, ಬೈಸಿಕೊಳ್ಳಲು ಇರಬೇಕು. ಸಿಸ್ಟರ್ ಕನ್ನಡಕ ಹಾಕಿಕೊಂಡು ದವಾಖಾನೆಯಲ್ಲಿ ಕಲಿತ ಇಂಗ್ಲಿಷಿನಲ್ಲಿ ಅಕ್ಷರ ಕೂಡಿಸುತ್ತಾ, “ನಾ ಹೇಳಿದ್ದು ಎಲ್ಲೈತ್ರಿ?” ಎಂದರು. ತೋರಿಸಿದೆ. ಸಾಲಿನ ಕೊನೆಯ ಅಂಕಿಯ ಮೇಲೆ ಬೆರಳಿಟ್ಟು, ಹಾಳೆ ತಿರುವಿ, ಪಟ್ಟಿಯ ಉದ್ದಕ್ಕೂ ಬೆರಳು ಎಳೆಯುತ್ತಾ ಹದಿನಾಲ್ಕಕ್ಕೆ ಬಂದು ನಿಂತರು. ಯಾರೂ ತೆಗೆದು ನೋಡುವುದಿಲ್ಲ ಎಂದಿದ್ದರಲ್ಲ, ಒಬ್ಬರು ನೋಡಿದರು.

“ಇವ್ರು ಯಾರ್ರಿ?”

“ದೂರದ ದೇಶದವ್ರು.”

“ಅವ್ರ ಕಡೇನೂ ಚೇಳು ಅದಾವೇನು?”

“ಅದಾವ.”

ಸಿಸ್ಟರ್ ಆ ಉದ್ದನೆಯ ಹೆಸರನ್ನು ಇನ್ನೊಮ್ಮೆ ನೋಡಿದರು. “ಪಾಪ. ಅವ್ರ ಮನ್ಯಾಗೂ ಯಾರೋ ಹೋಗಿರಬೇಕು. ಇಲ್ಲಂದ್ರ ಈ ಮಾತು ಹ್ಯಾಂಗ ಗೊತ್ತಾಗ್ತಿತ್ತು?”

ನಾನು ಹೌದೆಂದು ತಲೆಯಾಡಿಸಿದೆ.

ಕೊಪ್ಪಳದ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು, ಫೋನಿನಲ್ಲಿ ಆ ಪರದೇಶದವರ ಲೇಖನವನ್ನು ಮೊಟ್ಟಮೊದಲ ಬಾರಿಗೆ ಮೊದಲಿನಿಂದ ಕೊನೆಯವರೆಗೆ ಓದಿದೆ. ಚೇಳುಗಳು ಎಂಥ ಕಲ್ಲಿನ ಕೆಳಗೆ ಮರಿ ಹಾಕುತ್ತವೆ ಎಂಬುದರ ಬಗ್ಗೆ ಇತ್ತು. ಅದರಲ್ಲಿ ಮನುಷ್ಯರೇ ಇರಲಿಲ್ಲ.

ತಪ್ಪಾಗಿದೆಯೆಂದು ಸಂಪಾದಕರಿಗೆ ಪತ್ರ ಬರೆಯಲು ಕೂತೆ. ‘ಮಾನ್ಯರೇ’ ಎಂಬುದರ ಮುಂದೆ ಎರಡು ಸಾಲು ಆಗಿದೆ, ಹಾಗೇ ಇಟ್ಟಿದ್ದೇನೆ. ಅಷ್ಟರಲ್ಲಿ ಬಡ್ತಿ ಬಂತು. ಲೇಖನಗಳಲ್ಲಿ ಉಲ್ಲೇಖ ಬರೆಯುವುದು ಹೇಗೆಂದು ವಿದ್ಯಾರ್ಥಿಗಳಿಗೆ ಕಲಿಸುವ ತರಗತಿಯನ್ನೂ ನನಗೇ ವಹಿಸಿದರು. ಮೊದಲ ದಿನ ಗಂಟಲು ಸರಿಮಾಡಿಕೊಂಡು, “ಸ್ವತಃ ಓದದ ಯಾವುದನ್ನೂ ಪಟ್ಟಿಗೆ ಸೇರಿಸಬೇಡಿ” ಎಂದೆ. ಎಲ್ಲರೂ ತಲೆ ಬಗ್ಗಿಸಿ ಬರೆದುಕೊಂಡರು. ಇದು ಯಾರ ಮಾತು ಎಂದು ಒಬ್ಬರೂ ಕೇಳಲಿಲ್ಲ.